ಬೇಸಿಗೆಯ ಮಗಳು, ಚಳಿಗಾಲದ ತಾಯಿ

ನಮ್ಮ ಪ್ರಯೋಗಾಲಯದಲ್ಲಿ ಫ್ರಿಜ್ ಬಿಟ್ಟರೆ ತಂಪು ಮಾಡುವ ಯಂತ್ರಗಳು ಎರಡಿದ್ದವು. ಒಂದು ಬ್ಯಾಕ್ಟೀರಿಯಾ ಬೆಳೆಸುವ ಇನ್‌ಕ್ಯುಬೇಟರ್, ಇನ್ನೊಂದು ಮುಖ್ಯಸ್ಥರ ಕೋಣೆಯ ಎ.ಸಿ. ಆ ಬೇಸಿಗೆಯ ಮೊದಲಿಗೇ ಕೆಟ್ಟದ್ದು ಇನ್‌ಕ್ಯುಬೇಟರ್. ಅದರ ಹೀಟರ್ ಸರಿಯಿತ್ತು, ಕಂಪ್ರೆಸರ್ ಸತ್ತಿತ್ತು. ಅಂದರೆ ಅದು ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಇಪ್ಪತ್ತೆಂಟು ಡಿಗ್ರಿಗೆ ಇಟ್ಟರೂ ಕೋಣೆಯ ಬಿಸಿಯನ್ನೇ ಒಳಗಿಟ್ಟುಕೊಂಡು ಕೂರುತ್ತಿತ್ತು. ಶಹಾಬಾದಿನಲ್ಲಿ ನಮ್ಮ ಕಟ್ಟಡದ ಗೋಡೆಯೂ ಕಲ್ಲು, ಛಾವಣಿಯೂ ಕಲ್ಲು. ಹಗಲು ಕಾದ ಫರ್ಸಿಕಲ್ಲು ಬೆಳಗಿನ ಜಾವದ ತನಕ ಆರುವುದಿಲ್ಲ. ರಿಪೇರಿ ಮಾಡಿಸಿ ಎಂದು ಮುಖ್ಯಸ್ಥರಿಗೆ ಎರಡು ಸಲ ಹೇಳಿದ್ದೆ. ‘ಆಗ್ತದ ತಗೋವಾ’ ಎಂದಿದ್ದರು, ಎ.ಸಿ. ಕೆಳಗೆ ಕುಳಿತು.

ಆ ಮೇ ತಿಂಗಳಲ್ಲಿ ಕೊಡ್ಲಿಯ ಪೊಟ್ಟಣಗಳು ಬಂದವು.

ಕೊಡ್ಲಿ ಚಿಂಚೋಳಿ ತಾಲೂಕಿನ ಊರು. ಅಲ್ಲಿನ ಹೆಂಗಸರ ಒಂದು ಸಂಘ ತೊಗರಿ ಬೀಜಕ್ಕೆ ಹಚ್ಚುವ ಕಪ್ಪು ಪುಡಿ ತಯಾರಿಸುತ್ತದೆ. ಪುಡಿಯೊಳಗೆ ಇರುವುದು ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ. ಬೀಜಕ್ಕೆ ಬೆಲ್ಲದ ನೀರು ಚಿಮುಕಿಸಿ, ಪುಡಿ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿದರೆ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಸಂಘಕ್ಕೆ ಈ ಬ್ಯಾಕ್ಟೀರಿಯಾದ ಅನುಮೋದಿತ ತಳಿಯನ್ನು ಒಂದು ಸಣ್ಣ ಗಾಜಿನ ನಳಿಕೆಯಲ್ಲಿ ಕೊಟ್ಟದ್ದು ನಮ್ಮ ಪ್ರಯೋಗಾಲಯವೇ. ಅದನ್ನು ಅವರು ‘ತಾಯಿ’ ಎನ್ನುತ್ತಾರೆ. ನಳಿಕೆ ಊರಿಗೆ ಬಂದ ದಿನ ಅದಕ್ಕೆ ಕುಂಕುಮ ಹಚ್ಚಿ ಉಡಿ ತುಂಬಿದ್ದರೆಂದು ನಾನು ಆಮೇಲೆ ಕೇಳಿದೆ.

ಹಿಂದಿನ ಮುಂಗಾರಿನಲ್ಲಿ ಸೇಡಂ ಕಡೆಯ ಕೆಲವು ರೈತರು ಗಿಡ ಕಿತ್ತು ತೋರಿಸಿ, ‘ಬೇರಿನಾಗ ಒಂದ್ ಗಂಟಿಲ್ಲ, ಪುಡಿ ನಕಲಿ ಅದ’ ಎಂದು ದೂರಿದ್ದರು. ಹಾಗಾಗಿ ಈ ಸಲ ಬಿತ್ತನೆಗೆ ಮೊದಲೇ ಕೃಷಿ ಅಧಿಕಾರಿ ಹೊಸ ಪುಡಿಯ ಮಾದರಿ ತೆಗೆದು ಮೂರು ಪಾಲು ಮಾಡಿದರು. ಒಂದು ನಮಗೆ, ಒಂದು ಅವರ ಕಚೇರಿಗೆ, ಒಂದು ಮೊಹರು ಹಾಕಿ ಸಂಘಕ್ಕೇ ವಾಪಸು. ನಮಗೆ ಕೇಳಿದ್ದು ಎರಡು ಪ್ರಶ್ನೆ. ಪುಡಿಯಲ್ಲಿ ಸಾಕಷ್ಟು ಜೀವಂತ ಬ್ಯಾಕ್ಟೀರಿಯಾ ಇವೆಯೇ? ಇದ್ದರೆ, ಅವು ನೀವು ಕೊಟ್ಟ ತಳಿಯವೇ? ಎರಡನೆಯದಕ್ಕೆ ‘ಅಲ್ಲ’ ಎಂದು ಉತ್ತರ ಬಂದರೆ ಸಂಘದ ಪರವಾನಗಿ ರದ್ದು.

ಮೊದಲ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಕ್ಕಿತು. ಬ್ಯಾಕ್ಟೀರಿಯಾ ಸಮೃದ್ಧವಾಗಿದ್ದವು. ಎರಡನೆಯದಕ್ಕೆ ನಾವು ಬಳಸುವುದು ಕೊಬ್ಬಿನಾಮ್ಲಗಳ ವಿಶ್ಲೇಷಣೆ. ಎಣ್ಣೆ ಗಿರಣಿಗಳ ಎಣ್ಣೆಯಲ್ಲಿ ಕಲಬೆರಕೆ ಹುಡುಕಲೆಂದು ತಂದ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ನಮ್ಮಲ್ಲಿದೆ. ಕುಸುಬಿ ಎಣ್ಣೆಗೂ ಶೇಂಗಾ ಎಣ್ಣೆಗೂ ಕೊಬ್ಬಿನಾಮ್ಲಗಳ ಪ್ರಮಾಣ ಬೇರೆ. ಹಾಗೆಯೇ ಪ್ರತಿ ಬ್ಯಾಕ್ಟೀರಿಯಾದ ಪೊರೆಯಲ್ಲೂ ಅದರದೇ ಪ್ರಮಾಣ ಇರುತ್ತದೆ. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಕೆರೆದು ಗಾಜಿನ ನಳಿಕೆಗೆ ಹಾಕಿ, ಕ್ಷಾರ ಮತ್ತು ಮೆಥನಾಲ್ ಸೇರಿಸಿ ಕುದಿನೀರಿನಲ್ಲಿಟ್ಟರೆ ಪೊರೆ ಒಡೆದು ಆಮ್ಲಗಳು ಹೊರಬರುತ್ತವೆ. ಬಳಿಕ ಆಮ್ಲ ಬೆರೆಸಿದ ಮೆಥನಾಲಿನಲ್ಲಿ ಎಂಬತ್ತು ಡಿಗ್ರಿಗೆ ಕಾಯಿಸಿ, ಕೂಡಲೇ ತಣಿಸಬೇಕು. ಇಲ್ಲಿ ಮೈಮರೆತರೆ ಕೆಲವು ಆಮ್ಲಗಳು ಮುರಿದೇ ಹೋಗುತ್ತವೆ. ಕೊನೆಗೆ ಹೆಕ್ಸೇನ್ ಎಂಬ ದ್ರಾವಕ ಹಾಕಿ ಕುಲುಕಿದರೆ ಮೇಲೊಂದು ತಿಳಿ ಪದರ ನಿಲ್ಲುತ್ತದೆ. ಅದರ ಒಂದು ಹನಿ ಯಂತ್ರಕ್ಕೆ. ಪರದೆಯ ಮೇಲೆ ಆಮ್ಲಗಳು ಒಂದೊಂದಾಗಿ ಗುಡ್ಡಗಳಂತೆ ಏಳುತ್ತವೆ. ಗುಡ್ಡಗಳ ಗಾತ್ರ ಹೋಲಿಸಿ ತಳಿ ಗುರುತಿಸುತ್ತೇವೆ.

ಆದರೆ ಈ ವಿಧಾನಕ್ಕೆ ಮುರಿಯಬಾರದ ಒಂದು ನಿಯಮವಿದೆ. ಹೋಲಿಸಬೇಕಾದ ತಳಿಗಳನ್ನು ಒಂದೇ ಆಹಾರದ ಮೇಲೆ, ಒಂದೇ ಬಿಸಿಯಲ್ಲಿ, ಒಂದೇ ವಯಸ್ಸಿನ ತನಕ, ಜೊತೆಜೊತೆಗೆ ಬೆಳೆಸಬೇಕು. ಬ್ಯಾಕ್ಟೀರಿಯಾ ಕಾವಿಗೆ ತಕ್ಕಂತೆ ತನ್ನ ಪೊರೆಯನ್ನು ಬದಲಿಸಿಕೊಳ್ಳುತ್ತದೆ. ತಂಪಿನಲ್ಲಿ ಎಣ್ಣೆಯಂತೆ ಸಡಿಲ, ಸೆಕೆಯಲ್ಲಿ ವನಸ್ಪತಿ ತುಪ್ಪದಂತೆ ಬಿಗಿ. ಅದು ಜೀವ ಉಳಿಸಿಕೊಳ್ಳುವ ದಾರಿ, ವೇಷ ಮರೆಸಿಕೊಳ್ಳುವ ಮೋಸವಲ್ಲ.

ಬಿತ್ತನೆ ಹತ್ತಿರವಿದೆ ಎಂಬ ಮುಖ್ಯಸ್ಥರ ಅವಸರಕ್ಕೆ ಕೊಡ್ಲಿಯ ಮಾದರಿಯೊಂದನ್ನೇ ಕೆಟ್ಟ ಇನ್‌ಕ್ಯುಬೇಟರಿನಲ್ಲಿ ಬೆಳೆಸಬೇಕಾಯಿತು. ಒಳಗಿನ ಥರ್ಮಾಮೀಟರ್ ಮೂವತ್ತಾರು ದಾಟಿತ್ತು. ಹದಿನೆಂಟು ಇಂಗಾಲದ ಆಮ್ಲದ ಮುಖ್ಯ ಗುಡ್ಡ ಎಂದಿಗಿಂತ ಗಿಡ್ಡವಾಗಿ, ಹತ್ತೊಂಬತ್ತು ಇಂಗಾಲದ, ಉಂಗುರವಿರುವ ಆಮ್ಲದ ಗುಡ್ಡ ಎತ್ತರವಾಗಿ ಬಂತು. ಫಲಿತಾಂಶದ ಕೆಳಗೆ ನಾನು ಬರೆದೆ: ‘ಬಿಸಿ ನಿಯಂತ್ರಣದಲ್ಲಿ ಇರಲಿಲ್ಲ. ತಾಯಿ ತಳಿಯನ್ನು ಜೊತೆಗೆ ಬೆಳೆಸಿಲ್ಲ. ಇದರಿಂದ ಹೋಲಿಕೆ ಮಾಡಬಾರದು.’ ಬರೆದು ಸುಮ್ಮನಾಗಲಿಲ್ಲ, ಮುಖ್ಯಸ್ಥರಿಗೆ ಬಾಯಿಂದಲೂ ಹೇಳಿದೆ. ಅವರು ತಲೆಯಾಡಿಸಿದರು.

ಕೆಲವು ದಿನ ಬಿಟ್ಟು ನನ್ನನ್ನು ಕರೆದು, ‘ಚಿಂಚೋಳ್ಯಾಗ ರೈತರ ಸಭಾ ಅದ. ನಮ್ಮ ಕಡಿಂದ ಹೋಗಿ ಕುಂತು ಬಾ. ಏನರೆ ಕೇಳಿದ್ರ ಹೇಳು’ ಎಂದರು. ಏನು ಕೇಳುತ್ತಾರೆ ಎಂದು ಅವರು ಹೇಳಲಿಲ್ಲ.

ಸಭಾಂಗಣ ತುಂಬಿತ್ತು. ನನ್ನನ್ನು ವೇದಿಕೆಯ ಮೇಲೆ ಕೂರಿಸಿದರು. ಕೃಷಿ ಅಧಿಕಾರಿ ಮೈಕಿನಲ್ಲಿ, ‘ಕೊಡ್ಲಿ ಸಂಘದವರು ಯಾರ್ ಬಂದೀರಿ? ಎದ್ದು ನಿಂದರ್ರಿ’ ಎಂದರು. ಮಧ್ಯದ ಸಾಲಿನಿಂದ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಎದ್ದರು. ಸಂಘದ ಅಧ್ಯಕ್ಷೆ. ಅಧಿಕಾರಿ ವರದಿ ಓದಿದರು. ಕೆಳಗಿದ್ದದ್ದು ನಮ್ಮ ಮುಖ್ಯಸ್ಥರ ಸಹಿ. ‘ಸಂಘದ ಪುಡಿಯಲ್ಲಿರುವ ಬ್ಯಾಕ್ಟೀರಿಯಾ ಅನುಮೋದಿತ ತಳಿಗೆ ಹೊಂದುವುದಿಲ್ಲ. ಇದು ಬೇರೆ ತಳಿ.’

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ತಾಯಿ ತಳಿಯ ಗುಡ್ಡಗಳ ಚಿತ್ರ ನಮ್ಮ ಕಂಪ್ಯೂಟರಿನಲ್ಲಿತ್ತು. ಚಳಿಗಾಲದಲ್ಲಿ, ಇನ್‌ಕ್ಯುಬೇಟರ್ ಸರಿಯಿದ್ದಾಗ ತೆಗೆದದ್ದು. ಅದರ ಪಕ್ಕದಲ್ಲಿ ಮೇ ತಿಂಗಳ ಚಿತ್ರವನ್ನಿಟ್ಟು, ನನ್ನ ಟಿಪ್ಪಣಿಯನ್ನು ಕೈಬಿಟ್ಟು, ಬೇರೆ ಎಂದು ಬರೆದಿದ್ದರು.

ಸಭೆಯಲ್ಲಿ ಯಾರೋ ನಕ್ಕರು. ‘ಬೂದಿ ತುಂಬಿ ಮಾರ್ಯಾರಲೇ!’ ಎಂದು ಹಿಂದಿನಿಂದ ಒಂದು ದನಿ. ಮುಂದಿನ ಸಾಲಿನ ಒಬ್ಬರು ಪೊಟ್ಟಣವೊಂದನ್ನು ಹರಿದು, ಮೇಜಿನ ಮೇಲೆ ಸುರಿದು, ಕೈ ಝಾಡಿಸಿಕೊಂಡರು. ಆ ಹೆಂಗಸು ನಿಂತೇ ಇದ್ದರು. ಇಷ್ಟೇ ಹೇಳಿದರು: ‘ನೀವು ಕೊಟ್ಟ ತಾಯೀನೇ ರೀ ಅದು. ನಾವು ಎಲ್ಲಿಂದ ಬ್ಯಾರೆ ತರೋಣು?’

ನಾನು ಎದ್ದು ಮೈಕು ಕೇಳಿದೆ. ‘ಈ ಪರೀಕ್ಷೆ ಮಾಡಿದವಳು ನಾನು. ಎರಡೂ ತಳಿಗಳನ್ನು ಜೊತೆಗೆ ಬೆಳೆಸಿಲ್ಲ. ಈ ಹೋಲಿಕೆ ನಿಲ್ಲುವುದಿಲ್ಲ’ ಎಂದೆ. ಅಧಿಕಾರಿ ಹಾಳೆಯನ್ನು ತಿರುಗಿಸಿ ನೋಡಿ, ‘ಹಂಗಂತ ವರದಿಯೊಳಗ ಎಲ್ಲಿ ಅದ ಮೇಡಂ? ನಿಮ್ಮ ಸಾಹೇಬ್ರ ಸಹಿ ಅದ. ನಾ ಅದನ್ನ ಓದೀನಿ’ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಸಭೆ ಮುಂದಿನ ವಿಷಯಕ್ಕೆ, ಬೀಜ ವಿತರಣೆಗೆ ಹೋಯಿತು. ಎದ್ದು ನಿಂತಿದ್ದ ಹೆಂಗಸಿಗೆ ಕೂರಿ ಎಂದು ಯಾರೂ ಹೇಳಲಿಲ್ಲ. ಅವರು ಕೂರಲೂ ಇಲ್ಲ. ಸಭೆ ಮುಗಿಯುವ ತನಕ ಹಾಗೇ ನಿಂತಿದ್ದರು. ನಾನು ಬಹಳ ಸಭೆಗಳನ್ನು ನೋಡಿದ್ದೇನೆ. ಅಂಥ ನಿಲುವನ್ನು ನೋಡಿಲ್ಲ.

ಹೊರಗೆ ಅವರೇ ನನ್ನ ಹತ್ತಿರ ಬಂದರು.

‘ಮೇಡಂ, ಒಳಗ ನೀವ್ ಏನಂದ್ರಿ, ನಂಗ್ ತಿಳೀಲಿಲ್ಲ. ಸೀದಾ ಹೇಳ್ರಿ.’

ಹೇಳಿದೆ. ಚಳಿಗಾಲ, ಬೇಸಿಗೆ, ಪೊರೆ, ಎಣ್ಣೆ, ವನಸ್ಪತಿ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಯೋಚಿಸಿದರು.

‘ಅಂದ್ರ, ತಾಯೀದು ಥಂಡ್ಯಾಗ ತೆಗೆದ ಫೋಟೋ. ಮಗಳದು ಉರಿಬಿಸಲಾಗ ರಾಶಿ ಮಾಡೋವಾಗ ತೆಗೆದ ಫೋಟೋ. ಎರಡೂ ಹಿಡಕೊಂಡು ಮಾರಿ ಹೊಂದವಲ್ದು, ಇಕಿ ಆಕಿ ಮಗಳಲ್ಲ ಅಂದ್ರು. ಹೌದಲ್ಲರೀ?’

‘ಹೌದು.’

‘ಇಂಥಾ ಮಾತು ನಮ್ಮ ಓಣ್ಯಾಗ ಅಂದಿದ್ರ ನಾಲಿಗಿ ಕಿತ್ತಿರತಿದ್ರು.’ ನಕ್ಕರು, ಆದರೆ ಕಣ್ಣು ನಗಲಿಲ್ಲ. ‘ಈಗೇನ್ ಮಾಡ್ಬೇಕು ಅದನ್ನ ಹೇಳ್ರಿ. ಬಿತ್ತಗಿ ಬಂತು. ಹನ್ನೊಂದು ಮಂದಿ ಹೆಣ್ಮಕ್ಕಳು ನಾವು. ಹಳ್ಳಿ ತುಂಬಾ ಬದ್ನಾಮ ಆಗ್ತದ.’

ನಿಮ್ಮ ಹತ್ತಿರ ಮೊಹರು ಹಾಕಿದ ಮೂರನೆಯ ಪಾಲು ಇದೆಯಲ್ಲ ಎಂದೆ. ಅದನ್ನು ತೆರೆಯದೆ, ನಿಮ್ಮ ಎದುರಿಗೇ ಮರುಪರೀಕ್ಷೆ ಮಾಡಬೇಕೆಂದು ಅಧಿಕಾರಿಯನ್ನು ಕೇಳಬಹುದು. ಅವರು ಅಲ್ಲಿಂದಲೇ ತಿರುಗಿ ಒಳಗೆ ಹೋದರು. ಅರ್ಜಿ ಬರೆಸಿ ಕೊಟ್ಟ ಮೇಲೆಯೇ ಕೊಡ್ಲಿಯ ಬಸ್ಸು ಹತ್ತಿದರಂತೆ.

ಅಧಿಕಾರಿ ಒಪ್ಪಿದರು. ಮುಖ್ಯಸ್ಥರು ನನ್ನ ಮೇಲೆ ಕೆಂಡವಾದರು. ‘ಮಂದಿ ಮುಂದ ನನ್ನ ಮರ್ಯಾದಿ ತೆಗದಿ. ಅಷ್ಟ್ ಫರಕ್ ಕಣ್ಣಿಗೆ ಕಾಣ್ಲಿಕತ್ತದ, ಬ್ಯಾರೆ ಅಲ್ದೆ ಮತ್ತೇನದು?’

‘ಬಿಸಿ ಸರ್’ ಎಂದೆ.

ಮರುಪರೀಕ್ಷೆಯ ಮೊದಲ ಸುತ್ತು ಹಾಳಾಯಿತು. ಮೂರನೆಯ ಪಾಲಿನ ಅರ್ಧ ಪುಡಿಯಿಂದ ತಟ್ಟೆಗಳನ್ನು ಮಾಡಿದೆ. ಈ ಸಲ ತಾಯಿಯನ್ನೂ ಫ್ರಿಜ್‌ನಿಂದ ತೆಗೆದು ಜೊತೆಗೇ ಹಾಕಿದೆ. ಅಧ್ಯಕ್ಷೆ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದರು. ನಡುವೆ ಕರೆಂಟು ಹೋಯಿತು. ಒಳಗೆ ಉಸಿರು ಕಟ್ಟುವಂತಾಗಿ ಯಾರೋ ಕಿಟಕಿ ತೆರೆದರು. ನಮ್ಮ ಹಿಂದೆಯೇ ಭಂಕೂರ ರಸ್ತೆಯ ಕಡೆಗೆ ಕಲ್ಲು ಕೊಯ್ಯುವ ಯಂತ್ರಗಳಿವೆ. ಬಿಸಿಗಾಳಿಯೊಂದಿಗೆ ಬಿಳಿ ಪುಡಿ ಒಳಗೆ ಬಂತು. ಮುಂದಿನ ದಿನಗಳಲ್ಲಿ ತಟ್ಟೆಗಳ ತುಂಬ ಕಿತ್ತಳೆ ಬಣ್ಣದ ಬೇರೆಯೇ ಚುಕ್ಕೆಗಳು.

ಮುಖ್ಯಸ್ಥರು ಬಂದು ನೋಡಿದರು. ಅವರ ಮುಖದಲ್ಲಿ ಸಮಾಧಾನ ಕಂಡೆ. ‘ನೋಡ್ದಿ? ಅವರ ಪುಡ್ಯಾಗೇ ಕಲಬೆರಕಿ ಅದ. ಬರದು ಕಳಿಸಿಬಿಡು.’

ತಾಯಿಯ ತಟ್ಟೆಯನ್ನು ಅವರ ಮುಂದೆ ಇಟ್ಟೆ. ಅದರ ಮೇಲೂ ಅದೇ ಕಿತ್ತಳೆ ಚುಕ್ಕೆಗಳು. ತಾಯಿ ಕೊಡ್ಲಿಯಿಂದ ಬಂದದ್ದಲ್ಲ, ನಮ್ಮದೇ ಫ್ರಿಜ್‌ನಿಂದ ಬಂದದ್ದು. ಧೂಳು ನಮ್ಮದು. ಅವರು ಹೊರಟುಹೋದರು. ನನಗೆ ಸಿಟ್ಟು ಬಂದದ್ದು ಅವರ ಅಜ್ಞಾನಕ್ಕಲ್ಲ. ಈ ವಿಧಾನದ ನಿಯಮ ಅವರಿಗೆ ಗೊತ್ತಿತ್ತು. ನಾನು ಕೆಲಸಕ್ಕೆ ಸೇರಿದಾಗ ‘ಜೊತೆಗೇ ಬೆಳಸ್ಬೇಕು, ನೆನಪಿಡು’ ಎಂದು ಕಲಿಸಿಕೊಟ್ಟವರೇ ಅವರು. ಅದು ನನಗೆ ಈಗಲೂ ಜೀರ್ಣವಾಗಿಲ್ಲ.

ಇನ್ನು ಉಳಿದದ್ದು ಅರ್ಧ ಪುಡಿ. ಇನ್ನೊಮ್ಮೆ ಕೆಟ್ಟರೆ ಪರೀಕ್ಷಿಸಲು ಮೊಹರಿನ ಮಾಲು ಇರುವುದಿಲ್ಲ, ಮೊದಲ ವರದಿಯೇ ನಿಲ್ಲುತ್ತದೆ.

ಆ ಸಂಜೆ ಚಿತ್ತಾಪುರದ ನನ್ನ ಮನೆಗೆ ಹೋಗಲು ವಾಡಿಯಲ್ಲಿ ಗಾಡಿ ಬದಲಿಸುವಾಗ, ಎದುರಿನ ಪ್ಲಾಟ್‌ಫಾರಮ್ಮಿನಲ್ಲಿ ನಿಂತ ರೈಲಿನ ಎ.ಸಿ. ಡಬ್ಬಿ ನೋಡುತ್ತ ಕುಳಿತಿದ್ದೆ. ಕಿಟಕಿಗಳು ಮುಚ್ಚಿದ್ದವು. ಒಳಗಿದ್ದವರು ಹೊದ್ದುಕೊಂಡು ಮಲಗಿದ್ದರು. ಹೊರಗೆ ನಾವೆಲ್ಲ ಬೇಯುತ್ತಿದ್ದೆವು. ಆಗ ಹೊಳೆಯಿತು. ಇನ್‌ಕ್ಯುಬೇಟರಿನ ಹೀಟರ್ ಸರಿಯಿದೆ. ಸುತ್ತಲಿನ ಕೋಣೆ ಇಪ್ಪತ್ತೆಂಟಕ್ಕಿಂತ ತಂಪಾಗಿದ್ದರೆ ಸಾಕು, ಅದು ತನ್ನ ಕೆಲಸ ತಾನು ಮಾಡುತ್ತದೆ. ಅಂಥ ಕೋಣೆ ಒಂದೇ ಇತ್ತು. ಕಿಟಕಿ ಮುಚ್ಚಿದ್ದು, ಧೂಳಿಲ್ಲದ್ದು.

ಮರುದಿನ ಬೆಳಿಗ್ಗೆ ಮುಖ್ಯಸ್ಥರಿಗೆ ಹೇಳಿದೆ: ‘ಇನ್‌ಕ್ಯುಬೇಟರ್ ನಿಮ್ಮ ಕೋಣೆಗೆ ಬರಬೇಕು. ಪರೀಕ್ಷೆ ಮುಗಿಯುವ ತನಕ ಎ.ಸಿ. ಆರಬಾರದು.’

‘ಏನು? ನನ್ನ ಕೋಣ್ಯಾಗ ಕ್ರಿಮಿ ಇಡ್ತೀಯೇನು?’

‘ತೊಗರಿ ಬೇರಿನವು ಸರ್. ಯಾರಿಗೂ ಏನೂ ಮಾಡುವುದಿಲ್ಲ.’

‘ಆಗಂಗಿಲ್ಲ.’

‘ಹಾಗಾದರೆ ಈ ಪ್ರಯೋಗಾಲಯದಲ್ಲಿ ಈಗ ಈ ಪರೀಕ್ಷೆ ಮಾಡಲು ಬರುವುದಿಲ್ಲ, ಮೊದಲನೆಯದನ್ನೂ ಮಾಡಲು ಬರುತ್ತಿರಲಿಲ್ಲ ಎಂದು ಅಧಿಕಾರಿಗೆ ನನ್ನ ಹೆಸರು ಹಾಕಿ ಬರೆಯುತ್ತೇನೆ. ನಕಲನ್ನು ನಿಮಗೂ ಕೊಡುತ್ತೇನೆ.’

ಕೆಲಸ ಹೋಗಬಹುದೆಂದು ಗೊತ್ತಿತ್ತು. ಬಾಗಿಲ ಬಳಿ ನಿಂತಿದ್ದ ಅಧ್ಯಕ್ಷೆ ಒಳಗೆ ಹಣಕಿ, ‘ಸಾಹೇಬ್ರ, ಒಂದ್ ಮೂಲ್ಯಾಗ ಇರ್ಲಿ ಬಿಡ್ರಿ. ನಮ್ಮ ಮಗಳು ಭಾಳ ಬಡಬಡ ಮಾಡಾಕಿ ಅಲ್ರಿ, ನಿಮಗ ತ್ರಾಸ ಕೊಡಂಗಿಲ್ಲ’ ಎಂದರು. ಮುಖ್ಯಸ್ಥರು ಎದ್ದು ಹೊರಗೆ ಹೋದರು. ಅದನ್ನೇ ಒಪ್ಪಿಗೆ ಎಂದುಕೊಂಡೆ. ನಾವು ಮೂರ್ನಾಲ್ಕು ಜನ ಸೇರಿ ಇನ್‌ಕ್ಯುಬೇಟರನ್ನು ಅವರ ಕೋಣೆಗೆ ತಳ್ಳಿ, ಕುರ್ಚಿಯ ಪಕ್ಕಕ್ಕೆ ನಿಲ್ಲಿಸಿದೆವು.

ಈ ಸಲ ತಟ್ಟೆಗಳನ್ನು ನಾಲ್ಕು ಗುಂಪಾಗಿ ಮಾಡಿದೆ. ತಂಪಿನ ಕೋಣೆಯ ಇನ್‌ಕ್ಯುಬೇಟರಿನಲ್ಲಿ ತಾಯಿ, ಅದರ ಪಕ್ಕದಲ್ಲಿ ಕೊಡ್ಲಿಯ ಮಗಳು. ಅವುಗಳ ಜೊತೆ ಹೆಸರು ಬೆಳೆಯ ಬೇರಿನಿಂದ ತೆಗೆದ ಹತ್ತಿರದ ಇನ್ನೊಂದು ತಳಿ, ವಿಧಾನಕ್ಕೆ ನಿಜವಾಗಿ ಬೇರೆಯಾದದ್ದನ್ನು ಗುರುತಿಸುವ ಶಕ್ತಿ ಇದೆಯೇ ಎಂದು ನೋಡಲು. ನಾಲ್ಕನೆಯದು ನಮ್ಮದೇ ತಾಯಿ, ಆದರೆ ಕಲ್ಲಿನ ಛಾವಣಿಯ ಬಿಸಿ ಕೋಣೆಯಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ. ಇದನ್ನು ಯಾರೂ ಕೇಳಿರಲಿಲ್ಲ. ನನಗೆ ಬೇಕಿತ್ತು.

ಈ ಬ್ಯಾಕ್ಟೀರಿಯಾ ನಿಧಾನ ಬೆಳೆಯುವಂಥದು. ಬೆಳೆಯುವಷ್ಟು ದಿನವೂ ಮುಖ್ಯಸ್ಥರು ಅದರ ಪಕ್ಕದಲ್ಲೇ ಕುಳಿತು, ಅದರ ಕಡೆಗೆ ನೋಡದೆ ಕೆಲಸ ಮಾಡಿದರು.

ಕೆರೆದು, ಕುದಿಸಿ, ಕಾಯಿಸಿ, ತಣಿಸಿ, ಯಂತ್ರಕ್ಕೆ ಹಾಕಿದ ದಿನ ಅಧ್ಯಕ್ಷೆ ನನ್ನ ಭುಜದ ಹಿಂದೆ ನಿಂತಿದ್ದರು. ಅಧಿಕಾರಿಯೂ ಬಂದಿದ್ದರು. ಮೊದಲು ತಾಯಿ. ಆಮೇಲೆ ಮಗಳು. ಗುಡ್ಡಗಳು ಒಂದೊಂದಾಗಿ ಎದ್ದವು. ಒಂದರ ಮೇಲೊಂದು ಇಟ್ಟರೆ ಗೆರೆ ಬೇರೆ ಕಾಣದಷ್ಟು ಸರಿಯಾಗಿ ಕೂತವು. ಹೆಸರಿನ ತಳಿಯ ಗುಡ್ಡಗಳು ಸ್ಪಷ್ಟವಾಗಿ ಬೇರೆ ಬಂದವು. ಕೊನೆಗೆ ಬಿಸಿ ಕೋಣೆಯ ತಾಯಿ. ಹದಿನೆಂಟರದ್ದು ಗಿಡ್ಡ, ಹತ್ತೊಂಬತ್ತರದ್ದು ಎತ್ತರ. ಮೇ ತಿಂಗಳಲ್ಲಿ ‘ಬೇರೆ ತಳಿ’ ಎಂದು ಸಹಿ ಮಾಡಿದ ಅದೇ ಆಕಾರ.

‘ಇದು ಯಾರ್ದು?’ ಎಂದು ಅಧಿಕಾರಿ ಕೇಳಿದರು.

‘ನಮ್ಮ ತಾಯಿಯದು. ಆ ವರದಿಯ ಲೆಕ್ಕದಲ್ಲಿ ತಾಯಿಯೇ ತನಗೆ ತಾನು ಹೊಂದುವುದಿಲ್ಲ.’

ಅಧ್ಯಕ್ಷೆ ಪರದೆಯ ಮೇಲೆ ಕೈಯಿಡಲು ಹೋಗಿ ಹಿಂದೆಗೆದುಕೊಂಡರು. ಗಟ್ಟಿಯಾಗಿ ಮೂಗು ಸೀಟಿಕೊಂಡರು.

ನಾನು ಇಲ್ಲಿಗೆ ಮುಗಿಯಿತೆಂದುಕೊಂಡೆ. ಮುಖ್ಯಸ್ಥರು ಹೊಸ ವರದಿಯ ಕರಡು ಓದಿ ಹೇಳಿದರು: ‘ಕೊಬ್ಬಿನಾಮ್ಲದಿಂದ ಎರಡೂ ಒಂದೇ ಅಂತ ನೂರಕ್ಕ ನೂರು ಹೇಳ್ಲಿಕ್ಕೆ ಬರ್ತದೇನು? ಅನುಮಾನ ಉಳೀತದ ಅಂತ ಬರಿ.’

ಬರುವುದಿಲ್ಲ, ನಿಜ. ಈ ವಿಧಾನ ‘ಬೇರೆ ಎನ್ನಲು ಆಧಾರವಿಲ್ಲ’ ಎಂದಷ್ಟೇ ಹೇಳಬಲ್ಲದು. ನಾನು ಬರೆದದ್ದೂ ಅಷ್ಟೇ. ಸೇಡಂನ ಹೊಲಗಳಲ್ಲಿ ಗಂಟು ಏಕೆ ಕಟ್ಟಲಿಲ್ಲವೋ ಅದೂ ನನಗೆ ಗೊತ್ತಿಲ್ಲ. ತಗಡಿನ ಗೋದಾಮಿನಲ್ಲಿ ಪೊಟ್ಟಣ ಕಾದು ಬ್ಯಾಕ್ಟೀರಿಯಾ ಸತ್ತಿರಬಹುದು, ಬೇರೇನೋ ಇರಬಹುದು. ನೋಡದೆ ಹೇಳಲಾರೆ. ಆದರೆ ಒಂದನ್ನು ನೋಡಿದ್ದೇನೆ. ಹಳ್ಳಿಯ ಹೆಂಗಸರನ್ನು ನಕಲಿ ಎನ್ನುವಾಗ ನೂರಕ್ಕೆ ನೂರು ಬೇಕೆಂದು ಯಾರೂ ಕೇಳಲಿಲ್ಲ. ಅಲ್ಲ ಎನ್ನುವ ಹೊತ್ತಿಗೆ ವಿಜ್ಞಾನದ ಎಚ್ಚರವೆಲ್ಲ ಒಮ್ಮೆಗೇ ನೆನಪಾಯಿತು. ಎಚ್ಚರ ಬೇಕು. ಆದರೆ ಅದು ಮೇ ತಿಂಗಳಲ್ಲೂ ಬೇಕಿತ್ತು. ಕರಡಿನ ಒಂದಕ್ಷರವನ್ನೂ ಬದಲಿಸಲು ನಾನು ಒಪ್ಪಲಿಲ್ಲ. ಅಧಿಕಾರಿ ಎಲ್ಲವನ್ನೂ ಕಣ್ಣಾರೆ ಕಂಡಿದ್ದರಿಂದ ಅದೇ ಹೋಯಿತು. ಪರವಾನಗಿ ಉಳಿಯಿತು.

ಅಧಿಕಾರಿ ವರದಿಯ ಪ್ರತಿಯನ್ನು ಅಂಚೆಯಲ್ಲಿ ಕೊಡ್ಲಿಗೆ ಕಳಿಸಿದರು. ಅಧ್ಯಕ್ಷೆ ತೆಗೆದುಕೊಳ್ಳದೆ ವಾಪಸು ಕಳಿಸಿದರು. ನನಗೆ ಫೋನಿನಲ್ಲಿ ಹೇಳಿದರು: ‘ಬೈದಿದ್ದು ಮೈಕಿನ್ಯಾಗ, ತಪ್ಪಾಯ್ತು ಅನ್ನೋದು ಲಕೋಟಿ ಒಳಗೇನ್ರಿ? ಮೊದಲು ಓದಿದ ಬಾಯಿಲೇ, ಆ ಜಾಗದಾಗೇ ಓದ್ಲಿ.’

ಬಿತ್ತನೆಗೆ ಮುನ್ನ ಚಿಂಚೋಳಿಯಲ್ಲಿ ಇನ್ನೊಂದು ಸಭೆ ಇತ್ತು. ಮುಖ್ಯಸ್ಥರಿಗೆಂದು ಹಾಕಿದ ಕುರ್ಚಿ ಖಾಲಿ ಇತ್ತು. ಅವರಿಗೆ ಆರಾಮ ಇರಲಿಲ್ಲವಂತೆ. ಸಭೆ ಶುರುವಾಗುವ ಮೊದಲೇ ಅಧ್ಯಕ್ಷೆ ಮಧ್ಯದ ಅದೇ ಸಾಲಿನಲ್ಲಿ ಎದ್ದು ನಿಂತರು. ಈ ಸಲ ಅವರ ಜೊತೆ ಸಂಘದ ಉಳಿದ ಹತ್ತೂ ಹೆಂಗಸರು ಬಂದಿದ್ದರು, ಕುಳಿತಿದ್ದರು.

‘ಕುಂದ್ರಿ ಬಾಯಿ, ಆಮ್ಯಾಲೆ ಓದೋಣು’ ಎಂದರು ಅಧಿಕಾರಿ.

‘ಮೊದ್ಲ ಓದ್ರಿ ಸಾಹೇಬ್ರ.’

ಅಧಿಕಾರಿ ಹಾಳೆ ತೆಗೆದು ಕುಳಿತಲ್ಲೇ, ಮೆಲ್ಲಗೆ ಓದತೊಡಗಿದರು.

‘ಅವತ್ತು ನಿಂತು ಓದಿದ್ರಿ. ಮೈಕಿನ್ಯಾಗ ಓದಿದ್ರಿ.’

ಅಧಿಕಾರಿ ಎದ್ದರು. ಮೈಕು ಹತ್ತಿರಕ್ಕೆ ಎಳೆದುಕೊಂಡು ಮೊದಲಿನಿಂದ ಓದಿದರು. ಮೊದಲ ಹೋಲಿಕೆ ಕ್ರಮಬದ್ಧವಾಗಿರಲಿಲ್ಲ ಎಂಬ ಸಾಲನ್ನೂ ಬಿಡದೆ ಓದಿದರು. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಂದು ಪೊಟ್ಟಣ ಹರಿದವರು ಬಂದಿದ್ದರು. ತಲೆ ಬಗ್ಗಿಸಿ ತಮ್ಮ ಟವೆಲ್ ಮಡಿಸುತ್ತಿದ್ದರು.

ಓದಿ ಮುಗಿದ ಮೇಲೂ ಅಧ್ಯಕ್ಷೆ ಒಂದು ಗಳಿಗೆ ನಿಂತೇ ಇದ್ದರು. ಸಭೆಯನ್ನೆಲ್ಲ ಒಮ್ಮೆ ನೋಡಿದರು.

‘ಈಗ ಕುಂದರ್ತೀನ್ರಿ’ ಎಂದರು. ಕುಳಿತರು.